ಫೋಲ್ಡರ್‌ಗಳಿಗೆ ಸ್ವಂತ ಐಕಾನ್: ದೊಡ್ಡದಾಗಿ ಚೆನ್ನಾಗಿ ಕಾಣುವ ಚಿತ್ರ ಚಿಕ್ಕದಾದಾಗ ಏಕೆ ಕೆಡುತ್ತದೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನ್ನ ಗಣಕದಲ್ಲಿ ಟಿಪ್ಪಣಿ, ಛಾಯಾಚಿತ್ರ, ಧ್ವನಿಮುದ್ರಣ ಮತ್ತು ಲೆಕ್ಕಪತ್ರಗಳಿಗೆಂದು ಬೇರೆ ಬೇರೆ ಫೋಲ್ಡರ್‌ಗಳಿವೆ. ಎಲ್ಲವೂ ಒಂದೇ ಹಳದಿ ಬಣ್ಣದಲ್ಲಿ ಸಾಲಾಗಿ ಕುಳಿತಿರುವುದರಿಂದ ಪ್ರತಿ ಸಲವೂ ಹೆಸರು ಓದಿಯೇ ಹುಡುಕಬೇಕಾಗುತ್ತದೆ. ಇವುಗಳಿಗೆ ನಾನೇ ಸರಳವಾದ ಐಕಾನ್‌ಗಳನ್ನು ಬರೆದುಕೊಳ್ಳೋಣ ಎಂದುಕೊಂಡು ವಿಂಡೋಸ್‌ನಲ್ಲಿ ಉಚಿತವಾಗಿ ಸಿಗುವ ಪೇಂಟ್ ಡಾಟ್ ನೆಟ್ ತಂತ್ರಾಂಶವನ್ನು ಹಾಕಿಕೊಂಡಿದ್ದೇನೆ. ನಾನು ಚಿತ್ರಕಲೆಯನ್ನು ಕ್ರಮವಾಗಿ ಕಲಿತಿಲ್ಲ. ಗೆರೆ, ಚೌಕ, ವೃತ್ತಗಳನ್ನು ಜೋಡಿಸಿ ಏನಾದರೊಂದು ಆಕಾರ ತರುವಷ್ಟು ಮಾತ್ರ ಬರುತ್ತದೆ.

ಮೊದಲಿಗೆ ಟಿಪ್ಪಣಿಗಳ ಫೋಲ್ಡರ್‌ಗೆಂದು 256 ಪಿಕ್ಸೆಲ್ ಅಗಲ, ಅಷ್ಟೇ ಎತ್ತರದ ಕ್ಯಾನ್ವಾಸ್‌ನಲ್ಲಿ ತೆರೆದ ಪುಸ್ತಕವೊಂದನ್ನು ಬರೆದೆ. ಪುಟಗಳ ಮೇಲೆ ಮೂರು ಪಿಕ್ಸೆಲ್ ದಪ್ಪದ ಗೆರೆಗಳನ್ನೂ ಎಳೆದೆ. ಆ ಗಾತ್ರದಲ್ಲಿ ನೋಡಲು ಚೆನ್ನಾಗಿಯೇ ಇತ್ತು. ಆದರೆ 16 ಪಿಕ್ಸೆಲ್‌ಗೆ ಕುಗ್ಗಿಸಿದಾಗ ಗೆರೆಗಳೆಲ್ಲ ಮಾಯವಾಗಿ, ಪುಸ್ತಕವು ಬೂದು ಬಣ್ಣದ ಮುದ್ದೆಯಂತಾಯಿತು. ಎರಡನೆಯ ತೊಂದರೆಯೆಂದರೆ ಚಿತ್ರದ ಸುತ್ತ ಬಿಳಿಯ ಚೌಕ ಉಳಿದುಕೊಂಡಿದೆ. ಮ್ಯಾಜಿಕ್ ವ್ಯಾಂಡ್‌ನಿಂದ ಬಿಳಿ ಭಾಗವನ್ನು ಆರಿಸಿ ಅಳಿಸಿದರೂ ಅಂಚಿನಲ್ಲಿ ತೆಳುವಾದ ಬಿಳಿ ಗೆರೆಯೊಂದು ಅಂಟಿಕೊಂಡೇ ಇದೆ. ಇದಲ್ಲದೆ, ಪಿಎನ್‌ಜಿ ಫೈಲಿನ ಹೆಸರಿನ ಕೊನೆಯ ಭಾಗವನ್ನು ಐಸಿಒ (ವಿಂಡೋಸ್ ಐಕಾನ್ ಫೈಲಿನ ರೂಪ) ಎಂದು ಬದಲಾಯಿಸಿ ಫೋಲ್ಡರ್‌ಗೆ ಕೊಟ್ಟರೆ, ಆ ಫೈಲಿನಲ್ಲಿ ಐಕಾನ್‌ಗಳೇ ಇಲ್ಲ ಎಂಬ ಸೂಚನೆ ಬರುತ್ತದೆ. ನಾನು ಎಲ್ಲಿ ಎಡವಿದ್ದೇನೆ ಎಂಬುದನ್ನು ತಿಳಿದವರು ದಯವಿಟ್ಟು ತಿಳಿಸಬೇಕು.

ಉತ್ತರ 1

ನಿಮ್ಮ ತೊಂದರೆಗಳಲ್ಲಿ ಮೊದಲನೆಯದಕ್ಕೇ ಹೆಚ್ಚು ತಲೆ ಕೆಡಿಸಿಕೊಳ್ಳಬೇಕು. ಉಳಿದೆರಡು ಸ್ವಲ್ಪ ಹೊತ್ತಿನಲ್ಲಿ ಮುಗಿಯುವಂಥವು.

256 ಪಿಕ್ಸೆಲ್‌ನ ಚಿತ್ರವನ್ನು 16ಕ್ಕೆ ಇಳಿಸಿದಾಗ ಅಡ್ಡಕ್ಕೆ ಹದಿನಾರು, ಉದ್ದಕ್ಕೆ ಹದಿನಾರು ಪಿಕ್ಸೆಲ್‌ಗಳು ಒಟ್ಟುಗೂಡಿ ಒಂದೇ ಪಿಕ್ಸೆಲ್ ಆಗುತ್ತವೆ. ನೀವು ಎಳೆದ ಮೂರು ಪಿಕ್ಸೆಲ್ ದಪ್ಪದ ಗೆರೆಗೆ ಅಲ್ಲಿ ಉಳಿಯುವುದು ಒಂದು ಪಿಕ್ಸೆಲ್‌ನ ಐದನೇ ಒಂದು ಪಾಲಿಗಿಂತಲೂ ಕಡಿಮೆ. ಅಷ್ಟು ಚಿಕ್ಕ ಪಾಲನ್ನು ಪರದೆ ತೋರಿಸಲಾರದ್ದರಿಂದ ಗೆರೆಯ ಕಪ್ಪು ಮತ್ತು ಪುಟದ ಬಿಳಿ ಬೆರೆತು ಬೂದು ಬಣ್ಣವಾಗುತ್ತದೆ. ಆದ್ದರಿಂದ ಚಿಕ್ಕ ಐಕಾನನ್ನು ದೊಡ್ಡದರ ಕುಗ್ಗಿಸಿದ ರೂಪವೆಂದು ನೋಡದೆ, ಬೇರೆಯೇ ಚಿತ್ರವೆಂದು ಎಣಿಸಿ ಅದನ್ನೇ ಮೊದಲು ಬರೆಯಿರಿ.

16 ಪಿಕ್ಸೆಲ್‌ನ ಹೊಸ ಕ್ಯಾನ್ವಾಸ್ ತೆರೆದು ಚೆನ್ನಾಗಿ ಹಿಗ್ಗಿಸಿಕೊಳ್ಳಿ. ವ್ಯೂ ಮೆನುವಿನಲ್ಲಿರುವ ಪಿಕ್ಸೆಲ್ ಗ್ರಿಡ್ ಹಾಕಿದರೆ ಒಂದೊಂದು ಮನೆಯೂ ಬೇರೆಯಾಗಿ ಕಾಣುತ್ತದೆ. ಬ್ರಷ್ ಬೇಡ, ಪೆನ್ಸಿಲ್ ಸಾಕು; ಅದು ಒಂದು ಸಲಕ್ಕೆ ಒಂದೇ ಪಿಕ್ಸೆಲ್ ತುಂಬುತ್ತದೆ ಮತ್ತು ಅಂಚನ್ನು ಮಸುಕು ಮಾಡುವುದಿಲ್ಲ. ನಿಮ್ಮ ಪುಸ್ತಕವನ್ನೇ ತೆಗೆದುಕೊಳ್ಳೋಣ. ಹದಿನಾರು ಸಮಸಂಖ್ಯೆಯಾದ್ದರಿಂದ ಸರಿಯಾಗಿ ನಡುವೆ ಬರುವ ಒಂದು ಕಂಬಸಾಲು ಎಂಬುದು ಇಲ್ಲ. ಹಾಗಾಗಿ ಪುಸ್ತಕದ ಬೆನ್ನಿಗೆ ನಡುವಿನ ಎರಡು ಕಂಬಸಾಲುಗಳನ್ನು ಕೊಡಿ. ಅದರ ಎರಡೂ ಬದಿಗೆ ಆರಾರು ಕಂಬಸಾಲುಗಳ ಪುಟ, ಆಚೆಗೆ ಒಂದೊಂದು ಖಾಲಿ. ಲೆಕ್ಕ ಹದಿನಾರಕ್ಕೆ ಸರಿಹೋಗುತ್ತದೆ. ಎತ್ತರವನ್ನು ಹನ್ನೆರಡರ ಬದಲು ಹದಿಮೂರು ಮಾಡಿಕೊಳ್ಳಿ. ಏಕೆಂದರೆ ಮೇಲಿನ ಮತ್ತು ಕೆಳಗಿನ ಅಂಚನ್ನು ಬಿಟ್ಟರೆ ಹನ್ನೊಂದು ಸಾಲು ಉಳಿಯುತ್ತವೆ. ಅದರಲ್ಲಿ ಮೂರು ಗೆರೆಗಳನ್ನು ಎಲ್ಲ ಕಡೆಯೂ ಎರಡೆರಡು ಸಾಲಿನ ಸಮನಾದ ಅಂತರ ಬಿಟ್ಟು ಕೂರಿಸಬಹುದು. ಹನ್ನೆರಡಾದರೆ ಎಲ್ಲೋ ಒಂದು ಕಡೆ ಅಂತರ ತಪ್ಪುತ್ತದೆ, ಮತ್ತು ಈ ಗಾತ್ರದಲ್ಲಿ ಒಂದು ಪಿಕ್ಸೆಲ್ ತಪ್ಪಿದರೂ ಅದು ಕಣ್ಣಿಗೆ ಹೊಡೆಯುತ್ತದೆ.

1984ರಲ್ಲಿ ಹೊರಬಂದ ಮೊದಲ ಮ್ಯಾಕಿಂಟಾಷ್‌ಗೆ ಸುಸಾನ್ ಕೇರ್ ಅವರು ಐಕಾನ್ ರಚಿಸಲು ಆರಂಭಿಸಿದ್ದೂ ಚೌಕಳಿ ಕಾಗದದ ಮೇಲೆ, ಅಡ್ಡ 32, ಉದ್ದ 32 ಮನೆಗಳನ್ನು ತುಂಬುತ್ತ. ನನಗೂ ಮೊದಲು ಕಾಗದದ ಮೇಲೆ ತುಂಬಿ ನೋಡುವುದೇ ಸುಲಭವೆನಿಸುತ್ತದೆ.

ಇನ್ನು ಬಿಳಿಯ ಚೌಕದ ವಿಚಾರ. ಪೇಂಟ್ ಡಾಟ್ ನೆಟ್‌ನ ಹೊಸ ಕ್ಯಾನ್ವಾಸ್‌ಗೆ ಬಿಳಿ ಹಿನ್ನೆಲೆ ಇರುತ್ತದೆ. ಅದರ ಮೇಲೆಯೇ ಬರೆದರೆ, ಅಂಚನ್ನು ನಯಗೊಳಿಸುವಾಗ ತಂತ್ರಾಂಶವು ನಿಮ್ಮ ಬಣ್ಣವನ್ನು ಬಿಳಿಯೊಂದಿಗೆ ಬೆರೆಸಿಬಿಡುತ್ತದೆ. ಆಮೇಲೆ ಮ್ಯಾಜಿಕ್ ವ್ಯಾಂಡ್‌ನಿಂದ ಎಷ್ಟು ಅಳಿಸಿದರೂ ಆ ಬೆರೆತ ಪಿಕ್ಸೆಲ್‌ಗಳು ಉಳಿಯುತ್ತವೆ. ಬರೆಯುವ ಮೊದಲೇ ಇಡೀ ಕ್ಯಾನ್ವಾಸನ್ನು ಆರಿಸಿ ಡಿಲೀಟ್ ಒತ್ತಿದರೆ ಬೂದು-ಬಿಳಿ ಚೌಕಳಿ ಕಾಣಿಸುತ್ತದೆ. ಅದು ಪಾರದರ್ಶಕ ಎಂಬುದರ ಗುರುತು. ಉಳಿಸುವಾಗ ಪಿಎನ್‌ಜಿಯಾಗಿಯೇ ಉಳಿಸಿ. ಜೆಪೆಗ್‌ನಲ್ಲಿ ಪಾರದರ್ಶಕತೆಗೆ ಜಾಗವೇ ಇಲ್ಲ.

ಉತ್ತರ 2

ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಇಂಥ ಕೆಲಸಕ್ಕೆ ಪಿಕ್ಸೆಲ್‌ಗಳನ್ನು ತುಂಬುವ ತಂತ್ರಾಂಶಕ್ಕಿಂತ ಇಂಕ್‌ಸ್ಕೇಪ್‌ನಂತಹ ವೆಕ್ಟರ್ ತಂತ್ರಾಂಶವೇ ಸೂಕ್ತ. ಅದೂ ಉಚಿತವಾಗಿಯೇ ಸಿಗುತ್ತದೆ. ಅಲ್ಲಿ ಆಕಾರಗಳು ಗಣಿತದ ರೂಪದಲ್ಲಿ ಇರುವುದರಿಂದ ಒಮ್ಮೆ ಬರೆದ ಚಿತ್ರವನ್ನು ಬೇಕಾದ ಗಾತ್ರಕ್ಕೆ ಹೊರತೆಗೆಯಬಹುದು, ಮತ್ತು ಪುಸ್ತಕದ ಬಣ್ಣ ಬದಲಾಯಿಸಬೇಕೆಂದರೆ ಎಲ್ಲವನ್ನೂ ಮತ್ತೆ ಬರೆಯಬೇಕಾಗುವುದಿಲ್ಲ. ಕಲಿಯಲು ಮೊದಲೆರಡು ದಿನ ಕಷ್ಟವೆನಿಸಬಹುದು, ಅಷ್ಟೇ.

ಉತ್ತರ 3

ಎರಡನೇ ಉತ್ತರದಲ್ಲಿ ಹೇಳಿರುವುದು ದೊಡ್ಡ ಗಾತ್ರಗಳ ಮಟ್ಟಿಗೆ ನಿಜ. ಆದರೆ ವೆಕ್ಟರ್ ಚಿತ್ರವೂ ಪರದೆಗೆ ಬರುವಾಗ ಪಿಕ್ಸೆಲ್ ಆಗಲೇಬೇಕು. ಗೆರೆಯು ಎರಡು ಪಿಕ್ಸೆಲ್‌ಗಳ ನಡುವೆ ಬಿದ್ದರೆ ಅಲ್ಲಿಯೂ ಅದೇ ಬೂದು ಬಣ್ಣವೇ ಬರುತ್ತದೆ. ಮೂರೋ ನಾಲ್ಕೋ ಫೋಲ್ಡರ್‌ಗಳಿಗಾಗಿ ಹೊಸ ತಂತ್ರಾಂಶ ಕಲಿಯುವ ಅಗತ್ಯ ನನಗಂತೂ ಕಾಣುವುದಿಲ್ಲ.

ಪೇಂಟ್ ಡಾಟ್ ನೆಟ್‌ನಲ್ಲಿಯೇ ಒಂದು ಲೆಕ್ಕಾಚಾರದ ಉಪಾಯವಿದೆ. ವಿಂಡೋಸ್ ಐಕಾನ್‌ಗೆ ಸಾಮಾನ್ಯವಾಗಿ 16, 32, 48 ಮತ್ತು 256 ಪಿಕ್ಸೆಲ್‌ನ ಚಿತ್ರಗಳನ್ನು ಕೊಡುವುದು ವಾಡಿಕೆ. 256ನ್ನು 48ರಿಂದ ಭಾಗಿಸಿದರೆ ಶೇಷ ಉಳಿಯುವುದರಿಂದ ಆ ಗಾತ್ರದಲ್ಲಿ ಗೆರೆಗಳು ಮಸುಕಾಗುತ್ತವೆ. ಬದಲಿಗೆ ಮೂಲ ಚಿತ್ರವನ್ನು 768 ಪಿಕ್ಸೆಲ್‌ನಲ್ಲಿ ಬರೆದರೆ ಈ ನಾಲ್ಕೂ ಸಂಖ್ಯೆಗಳಿಂದ ಅದು ಶೇಷವಿಲ್ಲದೆ ಭಾಗವಾಗುತ್ತದೆ. ಗೆರೆಗಳ ದಪ್ಪವನ್ನು 48 ಪಿಕ್ಸೆಲ್ ಇಟ್ಟು, ಅವು ಆರಂಭವಾಗುವ ಜಾಗವೂ 48ರ ಗುಣಕದಲ್ಲಿಯೇ ಇರುವಂತೆ ನೋಡಿಕೊಂಡರೆ, ಕುಗ್ಗಿಸಿದಾಗ ಅದೇ ಗೆರೆ 256ರಲ್ಲಿ ಹದಿನಾರು, 48ರಲ್ಲಿ ಮೂರು, 32ರಲ್ಲಿ ಎರಡು, 16ರಲ್ಲಿ ಒಂದು ಪಿಕ್ಸೆಲ್ ಆಗಿ ಕೂರುತ್ತದೆ. ನೇರ ಗೆರೆಗಳಿಗೆ ಇದು ಸಾಕು. ವೃತ್ತ ಮತ್ತು ಓರೆ ಗೆರೆಗಳಿಗೆ ಮಾತ್ರ ಚಿಕ್ಕ ಗಾತ್ರದಲ್ಲಿ ಪೆನ್ಸಿಲ್ ಹಿಡಿದು ತಿದ್ದುವುದು ತಪ್ಪುವುದಿಲ್ಲ. ಮೂಲ ಚಿತ್ರವನ್ನು ಲೇಯರ್‌ಗಳ (ಒಂದರ ಮೇಲೊಂದು ಇರುವ ಚಿತ್ರದ ಪದರಗಳ) ಸಮೇತ ಪೇಂಟ್ ಡಾಟ್ ನೆಟ್‌ನ ಸ್ವಂತ ಪಿಡಿಎನ್ ರೂಪದಲ್ಲಿ ಉಳಿಸಿಕೊಂಡಿರಿ. ಪಿಎನ್‌ಜಿ ಮಾಡಿದೊಡನೆ ಲೇಯರ್‌ಗಳೆಲ್ಲ ಒಂದಾಗಿಬಿಡುತ್ತವೆ.

ಹೆಸರು ಬದಲಾಯಿಸಿದ ಮಾತ್ರಕ್ಕೆ ಫೈಲಿನ ಒಳಗಿನ ರಚನೆ ಬದಲಾಗುವುದಿಲ್ಲ. ಐಸಿಒ ಎಂಬುದು ಒಂದೇ ಚಿತ್ರವಲ್ಲ. ಹಲವು ಗಾತ್ರದ ಚಿತ್ರಗಳನ್ನು ಒಂದರ ಪಕ್ಕ ಒಂದು ಇಟ್ಟ ಪೆಟ್ಟಿಗೆಯಂತೆ ಅದು, ಮತ್ತು ಎಲ್ಲಿ ಯಾವ ಗಾತ್ರ ಬೇಕೋ ಅದನ್ನು ವಿಂಡೋಸ್ ತಾನೇ ಆರಿಸಿಕೊಳ್ಳುತ್ತದೆ. ಪ್ಲಗಿನ್ (ಹೆಚ್ಚುವರಿಯಾಗಿ ಸೇರಿಸುವ ಸಣ್ಣ ತಂತ್ರಾಂಶ) ಇಲ್ಲದೆ ಪೇಂಟ್ ಡಾಟ್ ನೆಟ್ ಇದನ್ನು ಉಳಿಸದು. ಸುಲಭದ ದಾರಿಯೆಂದರೆ ಗಿಂಪ್ ಎಂಬ ಉಚಿತ ಚಿತ್ರ ತಂತ್ರಾಂಶದಲ್ಲಿ ನಾಲ್ಕೂ ಪಿಎನ್‌ಜಿಗಳನ್ನು ಒಂದೇ ಕಡತದಲ್ಲಿ ಲೇಯರ್‌ಗಳಾಗಿ ತೆರೆದು ಐಸಿಒ ಆಗಿ ಎಕ್ಸ್‌ಪೋರ್ಟ್ ಮಾಡುವುದು. ಒಂದೊಂದು ಲೇಯರ್ ಒಂದೊಂದು ಗಾತ್ರವಾಗುತ್ತದೆ.

ಪ್ರಶ್ನೆ ಕೇಳಿದವರ ಮರುಮಾತು

ಎಲ್ಲರಿಗೂ ಧನ್ಯವಾದಗಳು. ಪುಸ್ತಕವನ್ನು ಹದಿಮೂರು ಸಾಲಿನ ಲೆಕ್ಕದಲ್ಲಿ ಮತ್ತೆ ಬರೆದೆ. ಈಗ ಫೋಲ್ಡರ್‌ಗಳ ಪಟ್ಟಿಯಲ್ಲಿ ಅದು ಪುಸ್ತಕವೆಂದೇ ಕಾಣುತ್ತದೆ. ಮೇಲೆ ಒಂದು, ಕೆಳಗೆ ಎರಡು ಸಾಲು ಖಾಲಿ ಉಳಿದದ್ದು ಮೊದಲಿಗೆ ಚುಚ್ಚುತ್ತಿತ್ತು, ಆದರೆ ನಿಜವಾದ ಗಾತ್ರದಲ್ಲಿ ಅದು ಗಮನಕ್ಕೇ ಬರುವುದಿಲ್ಲ. ಐಸಿಒ ಕೂಡ ಗಿಂಪ್‌ನಲ್ಲಿ ಸಿದ್ಧವಾಯಿತು. ಇನ್ನೆರಡು ಸಂದೇಹಗಳಿವೆ. ಒಂದು ಸಣ್ಣ ತಪ್ಪನ್ನು ತಿದ್ದಿ ಅದೇ ಹೆಸರಿನಲ್ಲಿ ಐಸಿಒ ಉಳಿಸಿದರೆ ಫೋಲ್ಡರ್ ಮಾತ್ರ ಹಳೆಯ ಚಿತ್ರವನ್ನೇ ತೋರಿಸುತ್ತಿದೆ. ಇನ್ನೊಂದು, ಧ್ವನಿಮುದ್ರಣಗಳಿಗೆಂದು ಬರೆದ ಮೈಕು 32ರಲ್ಲಿ ಚೆನ್ನಾಗಿದ್ದರೂ 16ರಲ್ಲಿ ಬೀಗದಂತೆ ಕಾಣುತ್ತದೆ.

ಉತ್ತರ 1 ನೀಡಿದವರು

ಹಳೆಯ ಚಿತ್ರ ಉಳಿಯುವುದು ನಿಮ್ಮ ತಪ್ಪಲ್ಲ. ಒಮ್ಮೆ ತೋರಿಸಿದ ಐಕಾನ್‌ಗಳನ್ನು ವಿಂಡೋಸ್ ತನ್ನ ಸಂಗ್ರಹದಲ್ಲಿ ಇಟ್ಟುಕೊಂಡು ಅಲ್ಲಿಂದಲೇ ಮತ್ತೆ ತೋರಿಸುತ್ತಿರುತ್ತದೆ. ತಿದ್ದಿದ ಫೈಲಿಗೆ ಬೇರೆ ಹೆಸರಿಟ್ಟು, ಫೋಲ್ಡರ್‌ನ ಪ್ರಾಪರ್ಟೀಸ್‌ನಲ್ಲಿ ಕಸ್ಟಮೈಸ್ ವಿಭಾಗದಿಂದ ಮತ್ತೊಮ್ಮೆ ಆರಿಸಿದರೆ ಹೊಸದು ಕಾಣಿಸುತ್ತದೆ. ಐಸಿಒ ಫೈಲುಗಳನ್ನೆಲ್ಲ ಕದಲಿಸದ ಒಂದು ಜಾಗದಲ್ಲಿ ಇಡಿ. ಅವನ್ನು ಬೇರೆಡೆಗೆ ಸರಿಸಿದರೆ ಫೋಲ್ಡರ್‌ಗಳು ಮತ್ತೆ ಹಳದಿಗೇ ಮರಳುತ್ತವೆ.

ಮೈಕು ಬೀಗದಂತೆ ಕಾಣುತ್ತಿರುವುದಕ್ಕೆ ಬಹುಶಃ ಅದರ ಸುತ್ತಲಿನ ಕಮಾನು ಕಾರಣವಿರಬೇಕು. 16ರಲ್ಲಿ ಆ ಕಮಾನಿಗೂ ಮೈಕಿನ ತಲೆಗೂ ನಡುವೆ ಒಂದು ಪಿಕ್ಸೆಲ್ ಅಂತರ ಉಳಿಯದೆ ಎರಡೂ ಅಂಟಿಕೊಂಡು ಒಂದೇ ಗಟ್ಟಿ ಆಕಾರವಾಗುತ್ತವೆ. ಚಿಕ್ಕ ಗಾತ್ರದಲ್ಲಿ ಕಮಾನನ್ನು ಬಿಟ್ಟೇಬಿಡಿ. ತಲೆಯನ್ನು ಆರು ಪಿಕ್ಸೆಲ್ ಅಗಲ ಮಾಡಿ ನಾಲ್ಕು ಮೂಲೆಗಳಿಂದ ಒಂದೊಂದು ಪಿಕ್ಸೆಲ್ ತೆಗೆದು ದುಂಡಾಗಿಸಿ, ಕೆಳಗೆ ಎರಡು ಪಿಕ್ಸೆಲ್ ಅಗಲದ ಕಂಬ, ಅದರಡಿ ಆರು ಪಿಕ್ಸೆಲ್‌ನ ಅಡ್ಡಪಟ್ಟಿ ಇಟ್ಟರೆ ಸಾಕು. ನಂತರ ಅಡ್ಜಸ್ಟ್‌ಮೆಂಟ್ಸ್ ಮೆನುವಿನಿಂದ ಕಪ್ಪು-ಬಿಳುಪು ಮಾಡಿ ನಾಲ್ಕೂ ಐಕಾನ್‌ಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಬಣ್ಣವಿಲ್ಲದೆಯೂ ಅವುಗಳನ್ನು ಬೇರೆ ಬೇರೆಯಾಗಿ ಗುರುತಿಸಲು ಆಗದಿದ್ದರೆ ಬಣ್ಣದ ಬದಲು ಆಕಾರವನ್ನೇ ತಿದ್ದಬೇಕು. ಬಿಳಿ ಮತ್ತು ಗಾಢ ಹಿನ್ನೆಲೆಗಳೆರಡರ ಮೇಲೂ ಒಮ್ಮೆ ಇಟ್ಟು ನೋಡಿ. ಅಂಚಿನಲ್ಲಿ ಬಿಳಿ ಗೆರೆ ಉಳಿದಿದ್ದರೆ ಗಾಢ ಹಿನ್ನೆಲೆಯಲ್ಲಿ ಸಿಕ್ಕಿಬೀಳುತ್ತದೆ.