ಟೆಂಡರಿನ ಹೊತ್ತಿಗೆ ಫೋನಿನ ದನಿ ಒಡೆಯುತ್ತದೆ: ಸ್ವಿಚ್‌ನ ಕ್ಯೂ ಏಕೆ ಕೆಲಸ ಮಾಡುತ್ತಿಲ್ಲ?

ಮಂಡಿ ಗುಮಾಸ್ತ, ಶಿವಮೊಗ್ಗ:

ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವವನು ನಾನು. ನೆಟ್‌ವರ್ಕ್ ಕೆಲಸಕ್ಕೆ ಬೇರೆ ಯಾರೂ ಇಲ್ಲದ ಕಾರಣ ಅದೂ ನನ್ನ ಕೊರಳಿಗೆ ಬಿದ್ದಿದೆ. ಫೈಬರ್ ಸಂಪರ್ಕದ ಡೌನ್‌ಲೋಡ್ 100, ಅಪ್‌ಲೋಡ್ 20 ಎಂಬಿಪಿಎಸ್. 24 ಪೋರ್ಟಿನ ಗಿಗಾಬಿಟ್ ಸ್ವಿಚ್, ಆರು ಐಪಿ ಫೋನ್, ಹನ್ನೆರಡು ಕ್ಯಾಮೆರಾ. ಅಂಗಳದಲ್ಲಿ ಜನ ಓಡಾಡಿದಾಗ ಮಾತ್ರ ಕ್ಯಾಮೆರಾಗಳು ಎಚ್ಚರಗೊಂಡು, ತಲಾ 2 ಎಂಬಿಪಿಎಸ್‌ನಂತೆ ಹೊರಗಿನ ಸರ್ವರಿಗೆ ವಿಡಿಯೊ ಕಳುಹಿಸುತ್ತವೆ.

ಟೆಂಡರಿನ ಹೊತ್ತಿಗೆ ಎಲ್ಲವೂ ಒಟ್ಟಿಗೆ ಎಚ್ಚರ. ಆಗ ತೀರ್ಥಹಳ್ಳಿ ಕಡೆಯ ಬೆಳೆಗಾರರು ರಾಶಿ ಅಡಿಕೆ ಎಷ್ಟಕ್ಕೆ ಹೋಯಿತೆಂದು ಕೇಳಿದರೆ ಅವರ ಮಾತು ನನಗೆ ಸ್ಪಷ್ಟ. ನಾನು ಹೇಳಿದ ದರದಲ್ಲಿ ಸಾವಿರ ಅವರಿಗೆ ಕೇಳುತ್ತದೆ, ನೂರು ಕೇಳುವುದಿಲ್ಲ. ಈ ವ್ಯಾಪಾರದಲ್ಲಿ ನೂರಕ್ಕೇ ಜಗಳ.

ಫೋನುಗಳ ಡಿಎಸ್‌ಸಿಪಿ, ಅಂದರೆ ಪ್ಯಾಕೆಟ್‌ಗಳ ಮೇಲಿನ ಆದ್ಯತೆಯ ಗುರುತು, 46. ಅದನ್ನು ಸ್ವಿಚ್‌ನ ಏಳನೆಯ ಕ್ಯೂಗೆ (ಸಾಲಿಗೆ) ಜೋಡಿಸಿ, ಉಳಿದವಕ್ಕಿಂತ ಮೊದಲು ಅದೇ ಹೋಗಲೆಂದು ಸ್ಟ್ರಿಕ್ಟ್ ಪ್ರಯಾರಿಟಿ ಕೊಟ್ಟಿದ್ದೇನೆ. ಏನೂ ಬದಲಾಗಿಲ್ಲ.

ಸಾಗರದವ:

ಇನ್ನೂ ದೊಡ್ಡ ಪ್ಲಾನ್ ಹಾಕಿಸಿಕೊಳ್ಳಿ. ಇಷ್ಟಕ್ಕೆ ತಲೆ ಕೆಡಿಸಿಕೊಳ್ಳಬೇಕೇ?

ಕೊಪ್ಪದಿಂದ:

ದುಡ್ಡು ಸುರಿಯಬೇಡಿ. ನಿಮಗೆ ಕೇಳುತ್ತದೆ, ಅವರಿಗೆ ಕೇಳುವುದಿಲ್ಲ ಎಂದಿರಿ; ಅಂದರೆ ತೊಂದರೆ ಅಪ್‌ಲೋಡಿನದು. ಕ್ಯೂಗೆ ಕೆಲಸ ಇರುವುದು ನೂಕುನುಗ್ಗಲಾದ ಕಡೆ ಮಾತ್ರ. ನಿಮ್ಮ ಸ್ವಿಚ್ ರೂಟರಿಗೆ 1000 ಎಂಬಿಪಿಎಸ್ ವೇಗದಲ್ಲಿ ದಾಟಿಸುತ್ತದೆ, ಕ್ಯಾಮೆರಾಗಳ 24 ಅದಕ್ಕೆ ಯಾವ ಲೆಕ್ಕ? ಅಲ್ಲಿ ಪ್ಯಾಕೆಟ್‌ಗಳು ಕಾಯುವುದೇ ಇಲ್ಲ. ಇಕ್ಕಟ್ಟು ಇರುವುದು ರೂಟರ್ ದಾಟಿದ ಮೇಲೆ, 20ರ ಕಂಡಿಯಲ್ಲಿ. ತಕ್ಕಡಿ ಒಳಗಿರುವಾಗ ಗೇಟಿನಲ್ಲಿ ಮೂಟೆಗಳ ಸರದಿ ವಿಂಗಡಿಸಿದ ಹಾಗಾಯಿತು.

ಇಕ್ಕಟ್ಟನ್ನೇ ಸ್ವಿಚ್‌ಗೆ ಎಳೆದುಕೊಳ್ಳಿ. ರೂಟರಿಗೆ ಹೋಗುವ ಪೋರ್ಟಿನ ಹೊರಹರಿವಿಗೆ 18 ಎಂಬಿಪಿಎಸ್ ಮಿತಿ ಹಾಕಿ. ಶೇಪಿಂಗ್ ಹಾಕಬೇಕು, ಪೊಲೀಸಿಂಗ್ ಅಲ್ಲ. ಶೇಪಿಂಗ್ ಹೆಚ್ಚಾದದ್ದನ್ನು ಕಾಯಿಸುತ್ತದೆ, ಪೊಲೀಸಿಂಗ್ ಬಿಸಾಡುತ್ತದೆ. ಸಾಲು ಸ್ವಿಚ್‌ನಲ್ಲೇ ಬೆಳೆದಾಗ ಏಳನೆಯ ಕ್ಯೂ ಮುಂದೆ ನುಗ್ಗುತ್ತದೆ. ಜಿ.711 ಎಂಬ ದನಿಯ ಕೋಡೆಕ್‌ನಲ್ಲಿ ಒಂದು ಕರೆಗೆ ಸುಮಾರು 90 ಕೆಬಿಪಿಎಸ್ ಸಾಕು. ಆರೂ ಫೋನಿನಲ್ಲಿ ಒಟ್ಟಿಗೆ ಮಾತಾಡಿದರೂ ಅರ್ಧ ಎಂಬಿಪಿಎಸ್ ಆಸುಪಾಸು, ಉಳಿದವರು ಉಪವಾಸ ಬೀಳುವುದಿಲ್ಲ. ಅದೇ ಕ್ಯೂಗೆ ಕ್ಯಾಮೆರಾಗಳನ್ನು ಸೇರಿಸಿದರೆ ಮಾತ್ರ ಕೆಟ್ಟಿತು.

ಫೋನಿನ ಪೋರ್ಟುಗಳಲ್ಲಿ ಡಿಎಸ್‌ಸಿಪಿ ಟ್ರಸ್ಟ್ ಇದೆಯೇ ಎಂದೂ ನೋಡಿ.

ಮಂಡಿ ಗುಮಾಸ್ತ, ಶಿವಮೊಗ್ಗ:

18 ಹಾಕಿದೆ. ದನಿ ಮೊದಲಿಗಿಂತಲೂ ಕೆಟ್ಟಿತು. ನಿಮ್ಮನ್ನು ಮನಸ್ಸಿನಲ್ಲೇ ಬೈದುಕೊಂಡೆ, ಕ್ಷಮಿಸಿ. ಆಮೇಲೆ ಆ ಪೋರ್ಟಿನ ಕ್ಯೂ ಎಣಿಕೆ ತೆರೆದರೆ ಏಳನೆಯದರಲ್ಲಿ ಸೊನ್ನೆ! ನೀವು ಕಡೆಯಲ್ಲಿ ಬರೆದ ಒಂದು ಸಾಲನ್ನು ನಾನು ಓದಿಯೇ ಇರಲಿಲ್ಲ. ಟ್ರಸ್ಟ್ ಇಲ್ಲದ ಪೋರ್ಟುಗಳು ಫೋನಿನ 46ನ್ನು ನಂಬದೆ, ಎಲ್ಲವನ್ನೂ ಕ್ಯಾಮೆರಾಗಳ ಜೊತೆ ಒಂದೇ ಸಾಲಿಗೆ ತಳ್ಳುತ್ತಿದ್ದವು. ಆರರಲ್ಲೂ ಟ್ರಸ್ಟ್ ಹಾಕಿದ ಮೇಲೆ ಎಣಿಕೆ ಏರತೊಡಗಿತು. ಇಂದು ಗೊರಬಲು ಅಡಿಕೆಯ ದರವನ್ನು ಒಂದೇ ಸಲ ಹೇಳಿದೆ, ಸಾಕಾಯಿತು.

ಆದರೆ ಕ್ಯಾಮೆರಾಗಳ ವಿಡಿಯೊ ತಡೆತಡೆದು ಬರುತ್ತಿದೆಯೆಂದು ಈಗ ಮಾಲೀಕರ ಗೊಣಗಾಟ ಶುರುವಾಗಿದೆ.

ಕೊಪ್ಪದಿಂದ:

24ನ್ನು 18ರಲ್ಲಿ ತುರುಕಲು ಯಾವ ಕ್ಯೂಗೂ ಆಗದು. ಕ್ಯಾಮೆರಾಗಳ ಬಿಟ್‌ರೇಟ್ ಅನ್ನು 1 ಎಂಬಿಪಿಎಸ್‌ಗೆ ಇಳಿಸಿ. ತೂಕದ ಜಾಗದ್ದೊಂದನ್ನು ಮಾತ್ರ 2ರಲ್ಲೇ ಬಿಡಿ, ಮಾಲೀಕರು ನೋಡುವುದು ಅದನ್ನೇ ತಾನೆ?