ಪದ ಬೇಕು: ‘ಸ್ನಿಚ್’ (ಇವತ್ತು ರಾತ್ರಿಯೊಳಗೆ)

ಗೆಳೆಯರೇ,

ಅಮೆರಿಕದ ರ್‍ಯಾಪರ್ ಒಬ್ಬ ಮಾಡಿರುವ ಡಾಕ್ಯುಮೆಂಟರಿಗೆ ಕನ್ನಡ ಸಬ್‌ಟೈಟಲ್ ಬರೆಯುತ್ತಿದ್ದೇನೆ. ಹಿಪ್‌ಹಾಪ್‌ನವರ ಬೀದಿ ಕಟ್ಟಳೆ, ಹಗೆತನದ ವಿಷಯ. 1996ರಲ್ಲಿ ರ್‍ಯಾಪರ್ ಟೂಪಾಕ್, 1997ರಲ್ಲಿ ಇನ್ನೊಬ್ಬ ರ್‍ಯಾಪರ್ ಬಿಗ್ಗಿ ಗುಂಡೇಟಿಗೆ ಸತ್ತರಲ್ಲ, ಅಲ್ಲಿಂದ ಶುರು. ‘ಸ್ನಿಚ್’ (ತನ್ನವರ ಗುಟ್ಟನ್ನು ಪೊಲೀಸರಿಗೆ ಹೇಳಿಬಿಡುವವನು) ಅನ್ನುವ ಪದ ನಿಮಿಷಕ್ಕೊಮ್ಮೆ ಬರುತ್ತದೆ. ‘ಬೀಫ್’ ಕೂಡ. ಯಂತ್ರಕ್ಕೆ ಕೊಟ್ಟರೆ ‘ಅವರಿಬ್ಬರ ನಡುವೆ ದನದ ಮಾಂಸವಿದೆ’ ಅಂತ ಬಂತು. ಅದಕ್ಕೆ ‘ಹಗೆ’ ಹಾಕಿದ್ದೇನೆ. ‘ಸ್ನಿಚ್’ಗೆ ಏನು ಹಾಕಲಿ? ಚಿಕ್ಕದಾಗಿರಬೇಕು, ಸಾಲು ತೆರೆಯ ಮೇಲೆ ಎರಡು ಸೆಕೆಂಡೂ ನಿಲ್ಲುವುದಿಲ್ಲ.

* * *

ಚಾಡಿಕೋರ. ನಿಘಂಟು ತೆರೆದಿದ್ದರೆ ಸಾಕಿತ್ತು.

* * *

ತೆರೆದಿದ್ದೆ ಸರ್. ಚಾಡಿಕೋರ ಅಂದ್ರೆ ಎರಡನೇ ಕ್ಲಾಸಿನ ಹುಡುಗ ‘ಮಿಸ್, ಇವನು ನನ್ನ ಪೆನ್ಸಿಲ್ ತಗೊಂಡ’ ಅಂದ ಹಾಗಿರುತ್ತದೆ. ಇಲ್ಲಿ ಹೇಳಿದವನ ಜೀವವೇ ಹೋಗಬಹುದು.

* * *

‘ಕೋರ’ ಪಾರ್ಸಿ. ತಿನ್ನುವವನು ಅಂತ ಅರ್ಥ. ಲಂಚಕೋರ ಸರಿ, ಲಂಚ ತಿನ್ನುತ್ತಾನೆ, ಚಾಡಿಯನ್ನು ಯಾರು ತಿನ್ನುತ್ತಾರೆ? ಚಾಡಿಗೆ ನಮ್ಮದೇ ‘ಕೊಂಡೆಯ’ ಇರುವಾಗ ಎರವಲು ಯಾಕೆ? ಕೊಂಡೆಯಗಾರ ಅನ್ನಿ.

* * *

> ಕೊಂಡೆಯಗಾರ

‘ಗಾರ’ ಸಂಸ್ಕೃತದ ‘ಕಾರ’ದಿಂದ ಬಂದದ್ದು ಮೇಷ್ಟ್ರೇ. ಎರವಲು ಬಿಡಿಸಲು ಹೋಗಿ ಇನ್ನೊಂದು ಎರವಲು ತಂದಿರಿ.

ಅದಿರಲಿ, ಚಾಡಿ, ಕೊಂಡೆಯ ಎರಡೂ ಇಲ್ಲಿ ತಪ್ಪು. ಎರಡರಲ್ಲೂ ಇಲ್ಲದ್ದನ್ನು ಹಚ್ಚಿ ಹೇಳುವ ವಾಸನೆ ಇದೆ. ಸ್ನಿಚ್ ಹೇಳುವುದು ನಿಜವನ್ನೇ, ಬೀದಿಯವರ ಲೆಕ್ಕದಲ್ಲಿ ಅದೇ ಅವನ ಅಪರಾಧ. ರ್‍ಯಾಪರ್ ಲಿಲ್ ಕಿಮ್ ಕಥೆ ನೋಡಿ. 2001ರಲ್ಲಿ ನ್ಯೂಯಾರ್ಕಿನ ರೇಡಿಯೋ ಸ್ಟೇಷನ್ ಎದುರು ಗುಂಡು ಹಾರಿತು. ತನ್ನವರು ಅಲ್ಲಿದ್ದುದನ್ನು ಮುಚ್ಚಿಟ್ಟು ಪ್ರಮಾಣ ಮಾಡಿ ಸುಳ್ಳು ಹೇಳಿದಳು, 2005ರಲ್ಲಿ ಒಂದು ವರ್ಷ ಒಂದು ದಿನದ ಜೈಲುಶಿಕ್ಷೆ ಆಯಿತು. ಬೀದಿ ಕಟ್ಟಳೆಯ ಪ್ರಕಾರ ಅವಳು ಗಟ್ಟಿಗಿತ್ತಿ. ಇನ್ನೊಬ್ಬ ರ್‍ಯಾಪರ್ ಟೆಕಾಶಿ ಸಿಕ್ಸ್‌ನೈನ್ 2019ರಲ್ಲಿ ತನ್ನ ಗ್ಯಾಂಗಿನ ವಿರುದ್ಧವೇ ಕೋರ್ಟಿನಲ್ಲಿ ನಿಜ ಹೇಳಿದ, ಅವನು ಸ್ನಿಚ್. ನಮ್ಮ ಪತ್ರಿಕೆಗಳ ಭಾಷೆಯಲ್ಲಿ ಹೆಚ್ಚುಕಮ್ಮಿ ಮಾಫಿ ಸಾಕ್ಷಿ. ದುಡ್ಡು ತಗೊಂಡು ಪೊಲೀಸರಿಗೆ ಸುದ್ದಿ ಕೊಡುವವನು ಬಾತ್ಮೀದಾರ, ಅವನೇ ಬೇರೆ.

ನಾಮಪದದ ಹಿಂದೆ ಯಾಕೆ ಬಿದ್ದಿದ್ದೀರಿ? ಕನ್ನಡದಲ್ಲಿ ಇದಕ್ಕೆ ಕ್ರಿಯಾಪದ ಇದೆ: ಬಾಯಿಬಿಡು. ‘ನಾನು ಬಾಯಿ ಬಿಡೋನಲ್ಲ.’ ಮುಗೀತು.

* * *

> ಮಾಫಿ, ಬಾತ್ಮೀದಾರ

ಮತ್ತೆ ಹೊರಗಿನವು! ಹೀಗೇ ಎಲ್ಲದಕ್ಕೂ ಬಾಗಿಲು ತೆರೆದಿಟ್ಟರೆ ಕೊನೆಗೆ ಕನ್ನಡ ಅಂತ ಉಳಿಯುವುದು ವಿಭಕ್ತಿ ಪ್ರತ್ಯಯ ಮಾತ್ರ. ‘ಗಾರ’ ಬೇಡವಾದರೆ ‘ಕೊಂಡೆಗ’ ಅನ್ನಿ, ಎರಡು ಸೆಕೆಂಡಿಗೂ ಹಿಡಿಸುತ್ತದೆ.

* * *

ಕೊಂಡೆಗ ಅಂದ್ರೆ ಯಾವುದೋ ಊರಿನ ಹೆಸರು ಅಂದುಕೊಳ್ಳುತ್ತಾರೆ ಜನ. ಸುಮ್ನೆ ‘ಸ್ನಿಚ್’ ಅಂತಲೇ ಬಿಡಿ. ಬಸ್ಸು, ಪೊಲೀಸು ಬಂದಾಗ ಯಾರೂ ಅಳಲಿಲ್ಲ, ಅಲ್ವಾ?

* * *

ಎಲ್ಲರಿಗೂ ಥ್ಯಾಂಕ್ಸ್. ಜಾಸ್ತಿ ಕಡೆ ‘ಬಾಯಿಬಿಡು’ ಹಾಕಿದೆ, ಚೆನ್ನಾಗಿ ಕೂತಿದೆ. ಬೈಗುಳವಾಗಿ ಬರುವ ಕಡೆ ಮಾತ್ರ ‘ಸ್ನಿಚ್’ ಹಾಗೇ ಇದೆ, ಅಲ್ಲಿ ಕ್ರಿಯಾಪದಕ್ಕೆ ಆ ಏಟು ಬರಲಿಲ್ಲ. ಫೈಲ್ ಹತ್ತು ಗಂಟೆಗೆ ಕಳಿಸಬೇಕು. ತಕರಾರಿದ್ದರೆ ಅಷ್ಟರೊಳಗೆ ಹೇಳಿ. ತಕರಾರೂ ಹೊರಗಿನ ಪದವೇ, ಗೊತ್ತು.