ಗಾಯ ಆದಾಗ ಜೀನ್‌ಗಳನ್ನು ಎಬ್ಬಿಸುವುದು ಯಾರು?

ಮಲ್ಪೆ ಅಮ್ಮ:
ಭಾನುವಾರ ಮಲ್ಪೆ ಬೀಚಲ್ಲಿ ಮಗನ ಹಿಮ್ಮಡಿಗೆ ಮರುವಾಯಿ ಚಿಪ್ಪು ಕೊಯ್ದಿತು. ರಾತ್ರಿಯಾಗುವಾಗ ಕೆಂಪಾಗಿ ಊದಿ, ಮುಟ್ಟಿದರೆ ಬಿಸಿ. ಅವನು ಪಿಯುಸಿ. "ಅಮ್ಮಾ, ಎಲ್ಲ ಕೋಶದಲ್ಲೂ ಒಂದೇ ಡಿಎನ್‌ಎ ಅಲ್ವಾ? ಊತ ತರಿಸುವ ಜೀನ್ ಈಗ ಮಾತ್ರ ಎದ್ದದ್ದು ಹೇಗೆ?" ಅಂತ ಕೇಳಿದ. ಸುಮ್ನೆ ಏನೋ ಹೇಳಿ ಸಾಗಹಾಕಲು ಮನಸ್ಸಿಲ್ಲ. ಗೊತ್ತಿದ್ದವರು ಹೇಳಿ.

ಕುಂಜಿಬೆಟ್ಟು ಟೀಚರ್:
ಒಳ್ಳೆ ಪ್ರಶ್ನೆ ಅಕ್ಕ. ಎನ್‌ಎಫ್-ಕಪ್ಪಾ ಬಿ ಎಂಬ ಪ್ರೋಟೀನ್ ಈ ಕೆಲಸ ಮಾಡುತ್ತದೆ. 1986ರಲ್ಲಿ ರಂಜನ್ ಸೇನ್ ಮತ್ತು ಡೇವಿಡ್ ಬಾಲ್ಟಿಮೋರ್ ಇದನ್ನು ಬಿ ಕೋಶಗಳೆಂಬ ರೋಗನಿರೋಧಕ ಕೋಶಗಳಲ್ಲಿ ಕಂಡರು. ಬೇರೆ ದಿನ ಐ-ಕಪ್ಪಾ ಬಿ ಎಂಬ ಇನ್ನೊಂದು ಪ್ರೋಟೀನ್ ಇದನ್ನು ಡಿಎನ್‌ಎ ಇರುವ ನ್ಯೂಕ್ಲಿಯಸ್ಸಿನ ಹೊರಗೆ ಹಿಡಿದಿಟ್ಟಿರುತ್ತದೆ. ಬ್ಯಾಕ್ಟೀರಿಯಾದ ಸುಳಿವು ಸಿಕ್ಕರೆ ಒಂದು ಕಿಣ್ವ ಐ-ಕಪ್ಪಾ ಬಿಗೆ ಫಾಸ್ಫೇಟ್ ಅಂಟಿಸುತ್ತದೆ. ಕೋಶವೇ ಆಮೇಲೆ ಅದನ್ನು ಪುಡಿ ಮಾಡುತ್ತದೆ. ಹಿಡಿತ ತಪ್ಪಿದ ಎನ್‌ಎಫ್-ಕಪ್ಪಾ ಬಿ ಒಳಗೆ ಹೋಗಿ, ಡಿಎನ್‌ಎಯಲ್ಲಿ ಸುಮಾರು 10 ಅಕ್ಷರಗಳ ಒಂದು ಜಾಗ ಹುಡುಕಿ ಕೂರುತ್ತದೆ. ಆ ಜಾಗ ಹೆಚ್ಚಾಗಿ ಜಿಜಿಜಿ ಅಂತ ಶುರುವಾಗುತ್ತದೆ. ಆಗ ಟಿಎನ್‌ಎಫ್, ಇಂಟರ್‌ಲ್ಯೂಕಿನ್-6 ಮುಂತಾದ ಊತ ತರಿಸುವ ಜೀನ್‌ಗಳು ಜಾಸ್ತಿ ಕೆಲಸ ಮಾಡುತ್ತವೆ. ಹಿಮ್ಮಡಿ ಬಿಸಿಯಾದದ್ದು ಅದಕ್ಕೇ.

ಮಲ್ಪೆ ಅಮ್ಮ:
ಇವತ್ತು ಊತ ಇಳಿದಿದೆ. ನಿಲ್ಲಿಸಿದ್ದು ಯಾರು ಹಾಗಾದರೆ?

ಕುಂಜಿಬೆಟ್ಟು ಟೀಚರ್:
ನನಗೆ ತುಂಬ ಇಷ್ಟವಾದ ಭಾಗ ಇದು! ಎನ್‌ಎಫ್-ಕಪ್ಪಾ ಬಿ ಎಬ್ಬಿಸುವ ಜೀನ್‌ಗಳಲ್ಲಿ ಐ-ಕಪ್ಪಾ ಬಿಯದ್ದೂ ಒಂದು. ಹೊಸದಾಗಿ ತಯಾರಾದ ಐ-ಕಪ್ಪಾ ಬಿ ನ್ಯೂಕ್ಲಿಯಸ್ಸಿಗೆ ಬಂದು, ಎನ್‌ಎಫ್-ಕಪ್ಪಾ ಬಿಯನ್ನು ಡಿಎನ್‌ಎಯಿಂದ ಬಿಡಿಸಿ ಹೊರಗೆ ಕರೆದುಕೊಂಡು ಹೋಗುತ್ತದೆ.

ಮಣಿಪಾಲದ ನರ್ಸ್:
ಅಕ್ಕ, ಟಿಟಿ ಇಂಜೆಕ್ಷನ್ ಕೊಡಿಸಿದಿರಾ?

ಮಲ್ಪೆ ಅಮ್ಮ:
ಅದೇ ರಾತ್ರಿ ಕೊಡಿಸಿದೆ. ಮಗ ಈಗ ಟೀಚರ್ ಹೇಳಿದ್ದನ್ನು ನೋಟ್ಸಿನಲ್ಲಿ ಬರೆದುಕೊಳ್ಳುತ್ತಿದ್ದಾನೆ.